ಕೆಂಪು ಅಕ್ಷರ ಕಂಡ ತಕ್ಷಣ ಫಾರ್ಮ್ಯಾಟ್ ಹೊಡೀಬೇಡಿ ಕಣ್ರೋ

ಭಾಗ 1

ಫೋಟೋದಲ್ಲಿರೋದು ನನ್ನ ಡಿಪ್ಲೊಮಾ ಕಾಲದ ಡಿಜಿಟಲ್ ಲ್ಯಾಬ್ ರೆಕಾರ್ಡ್. ಹಿಂದಿನ ಖಾಲಿ ಹಾಳೆಗಳಲ್ಲಿ ಈಗ ಎರರ್ ಕೋಡ್ ಬರ್ಕೊಳ್ತೀನಿ. ಹೆಕ್ಸಾಡೆಸಿಮಲ್ ಯಾವ ಜನ್ಮಕ್ಕೆ ಬೇಕು ಅಂತ ನಗಾಡಿದ್ದ ಅದೇ ಪುಸ್ತಕ.

ಹೋದ ವಾರ ಸ್ಟೋರಿಯಲ್ಲಿ ಒಂದು ಪ್ರಶ್ನೆ ಹಾಕಿದ್ದೆ. ಆಫೀಸ್ ಸಿಸ್ಟಂನಲ್ಲಿ ವಿಂಡೋಸ್ ಅಪ್‌ಡೇಟ್ ಫೇಲ್ ಆದ್ರೆ ಮೊದಲು ಏನ್ ಮಾಡ್ತೀರ? ಬಂದ ಉತ್ತರಗಳಲ್ಲಿ ಹೆಚ್ಚು ಕಮ್ಮಿ ಎಲ್ಲವೂ ಎರಡೇ ಥರ. "ಫಾರ್ಮ್ಯಾಟ್ ಹೊಡಿ ಗುರು" ಅನ್ನೋದು ಒಂದು. "ಅಪ್‌ಡೇಟ್ ಸರ್ವಿಸನ್ನೇ ಡಿಸೇಬಲ್ ಮಾಡು, ತಲೆನೋವೇ ಇರಲ್ಲ" ಅನ್ನೋದು ಇನ್ನೊಂದು. ಬರೆದವರಲ್ಲಿ ನಮ್ಮ ಬ್ಯಾಚಿನವರೂ ಇದ್ದೀರಿ, ಈಗ ಸಪೋರ್ಟ್ ಕೆಲಸದಲ್ಲಿ ಇರೋರೂ ಇದ್ದೀರಿ. ನಿಮ್ಮನ್ನ ಬೈಯೋ ಹಕ್ಕು ನನಗಿಲ್ಲ. 2024ರ ಜನವರಿಯಲ್ಲಿ ಕೇಳಿದ್ದರೆ ನಾನೂ ಅದನ್ನೇ ಹೇಳ್ತಿದ್ದೆ. ಹೇಳೋದೇನು ಬಂತು, ಮಾಡಿಯೇ ಬಿಟ್ಟಿದ್ದೆ.

ಈ ಸಲದ ಸರಣಿ ಅದರ ಬಗ್ಗೆ. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ.

ಭಾಗ 2

ಆಗ ನಾನು ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳು. ಊರಿನ ಆಫೀಸುಗಳ ಕಂಪ್ಯೂಟರ್ ಎಎಂಸಿ ನಮ್ಮದು. ವಕೀಲರು, ಆಡಿಟರು, ಎರಡು ಶಾಲೆ, ಒಂದು ಸೊಸೈಟಿ. ಆಡಿಟರ್ ಆಫೀಸಿನಿಂದ ಫೋನ್ ಬಂತು. "ಒಂದು ಸಿಸ್ಟಂನಲ್ಲಿ ಏನೋ ಕೆಂಪು ಅಕ್ಷರದಲ್ಲಿ ಬರ್ತಾ ಇದೆ, ವೈರಸ್ ಇರಬೇಕು, ಹುಡುಗನ್ನ ಕಳಿಸಿ."

ಹೋದೆ. ಆ ಸಿಸ್ಟಂ ಅಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡ್ತಿರೋ ಅಕ್ಕ ಒಬ್ಬರದು. ಅಪ್‌ಡೇಟ್ ಪುಟ ತೆಗೆದು ನೋಡಿದರೆ ಒಂದೇ ಒಂದು ಸಾಲು: ಜನವರಿಯ ಸೆಕ್ಯುರಿಟಿ ಅಪ್‌ಡೇಟ್, ಕೆಬಿ5034441, ಇನ್‌ಸ್ಟಾಲ್ ಎರರ್ 0ಎಕ್ಸ್80070643. ರೀಟ್ರೈ ಒತ್ತಿದೆ, ಮತ್ತೆ ಅದೇ. ರೀಸ್ಟಾರ್ಟ್ ಮಾಡಿದೆ, ಮತ್ತೆ ಅದೇ.

ಅಕ್ಕ ಹೇಳಿದರು, "ತಮ್ಮಾ, ಸಿಸ್ಟಂ ಚೆನ್ನಾಗೇ ಓಡ್ತಿದೆ. ಟಿಡಿಎಸ್ ರಿಟರ್ನ್ ಕೆಲಸ ನಡೀತಿದೆ. ಮೂವತ್ತೊಂದು ಕಳೀಲಿ, ಆಮೇಲೆ ಏನ್ ಬೇಕಾದ್ರೂ ಮಾಡ್ಕೊ."

ಅಂಗಡಿಯ ಸೀನಿಯರ್ ಅಣ್ಣನಿಗೆ ಫೋನ್ ಹಚ್ಚಿದೆ. "ಎಷ್ಟು ಹೊತ್ತು ಅದರ ಮುಂದೆ ಕೂರ್ತೀಯ? ಡೇಟಾ ಎಲ್ಲ ಡಿ ಡ್ರೈವಲ್ಲಿ ಇರುತ್ತೆ, ಸಿ ಫಾರ್ಮ್ಯಾಟ್ ಹೊಡಿ, ಒಂದೂವರೆ ಗಂಟೆ ಕೆಲಸ, ಮುಗಿಸಿ ಬಾ."

ನಾನು ಅಕ್ಕನ್ನ ಕೇಳಿದ್ದು ಒಂದೇ ಪ್ರಶ್ನೆ: "ಟ್ಯಾಲಿ ಡೇಟಾ ಡಿ ಅಲ್ಲೇ ಇದೆ ಅಲ್ವಾಕ್ಕ?" ಅವರು ಹೌದು ಅಂದರು. ನಿಜವೇ ಹೇಳಿದರು. ಡೆಸ್ಕ್‌ಟಾಪ್ ಮೇಲಿರೋದೆಲ್ಲ ಸಿ ಡ್ರೈವಲ್ಲೇ ಇರುತ್ತೆ ಅಂತ ಗೊತ್ತಿರಬೇಕಾಗಿದ್ದು ಅವರಿಗಲ್ಲ, ನನಗೆ. ಆ ಡೆಸ್ಕ್‌ಟಾಪ್ ಮೇಲೆ 'ಕ್ಯು3' ಅಂತ ಒಂದು ಫೋಲ್ಡರ್ ಇತ್ತು. ಚಲನ್ ವಿವರ, ಯಾರ ಪ್ಯಾನ್‌ಗೆ ಎಷ್ಟು ಕಡಿತ ಅನ್ನೋ ಎಕ್ಸೆಲ್‌ಗಳು, ಅರ್ಧ ತುಂಬಿಟ್ಟಿದ್ದ ರಿಟರ್ನ್ ಫೈಲುಗಳು. ಮೂರು ವಾರದ ಕೆಲಸ.

ಎಸ್‌ಎಸ್‌ಡಿ ಬೇರೆ. ಹಾರ್ಡ್ ಡಿಸ್ಕ್ ಆಗಿದ್ದಿದ್ರೆ ರಿಕವರಿ ಸಾಫ್ಟ್‌ವೇರ್ ಹಾಕಿ ಏನೋ ಒಂದಿಷ್ಟು ತೆಗೀಬಹುದಿತ್ತು. ಎಸ್‌ಎಸ್‌ಡಿಯಲ್ಲಿ ಫಾರ್ಮ್ಯಾಟ್ ಹೊಡೆದ ಕೂಡಲೇ ಟ್ರಿಮ್ ಅನ್ನೋ ಆಜ್ಞೆ ಹೋಗುತ್ತೆ, ಹಳೇ ಬ್ಲಾಕುಗಳನ್ನ ಡ್ರೈವ್ ತಾನೇ ಒರೆಸಿಕೊಳ್ಳುತ್ತೆ. ರಾತ್ರಿ ಒಂಬತ್ತರವರೆಗೆ ಹುಡುಕಿದೆ. ಏನೂ ಸಿಗಲಿಲ್ಲ.

ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಟಿಡಿಎಸ್ ರಿಟರ್ನ್‌ಗೆ ಜನವರಿ 31 ಕಡೇ ದಿನ. ತಡವಾದರೆ ರಿಟರ್ನ್ ಒಂದಕ್ಕೆ ದಿನಕ್ಕೆ 200 ರೂಪಾಯಿ. ಅಕ್ಕ ಆ ವಾರ ಪೂರ್ತಿ ರಾತ್ರಿ ಹತ್ತು, ಹನ್ನೊಂದು ಗಂಟೆವರೆಗೆ ಕೂತು ಮತ್ತೆ ಎಂಟ್ರಿ ಮಾಡಿದರು. ಎರಡು ರಿಟರ್ನ್ ತಡವಾಯ್ತು. ಆಡಿಟರ್ ಸರ್ ಕೇಳಿದಾಗ ನಮ್ಮ ಅಣ್ಣ ಹೇಳಿದ್ದು ಇದು: "ಮೇಡಂ ಮಧ್ಯದಲ್ಲಿ ಆಫ್ ಮಾಡಿ ಮಾಡಿ ಅಪ್‌ಡೇಟ್ ಕೆಟ್ಟಿದ್ದು ಸರ್. ಫೈಲ್ ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದೂ ತಪ್ಪು." ನಾನು ಪಕ್ಕದಲ್ಲೇ ನಿಂತಿದ್ದೆ. ಹೌದು ಸರ್ ಅಂತ ತಲೆ ಆಡಿಸಿದೆ.

ಭಾಗ 3

ಫೆಬ್ರವರಿ ಮಧ್ಯದಲ್ಲಿ ಅದೇ ಆಫೀಸಿಗೆ ಪ್ರಿಂಟರ್ ನೋಡೋಕೆ ಹೋಗಿದ್ದೆ. ಸುಮ್ಮನೆ ಅಕ್ಕನ ಸಿಸ್ಟಂನ ಅಪ್‌ಡೇಟ್ ಪುಟ ತೆಗೆದೆ. ಅದೇ ಕೆಂಪು ಸಾಲು. ಅದೇ ಕೆಬಿ, ಅದೇ ಕೋಡ್. ಹೊಸ ವಿಂಡೋಸ್ ಮೇಲೆ!

ಆ ರಾತ್ರಿ ಮೊದಲ ಸಲ ಕೋಡನ್ನ ಓದೋಕೆ ಕೂತೆ. ಇಲ್ಲಿಂದ ಸ್ವಲ್ಪ ಗಮನ ಕೊಡಿ, ಪರೀಕ್ಷೆಗೆ ಬರಲ್ಲ, ಕೆಲಸಕ್ಕೆ ಬರುತ್ತೆ.

0ಎಕ್ಸ್ ಅಂದ್ರೆ ಮುಂದಿರೋದು ಹೆಕ್ಸ್ ಸಂಖ್ಯೆ ಅಂತ. 8007 ಅಂತ ಶುರುವಾದ್ರೆ ಅದು ವಿಂಡೋಸ್‌ನ ಹಳೇ ಸಾಮಾನ್ಯ ಎರರ್ ಪಟ್ಟಿಯಿಂದ ಬಂದಿದ್ದು, ಕೊನೇ ನಾಲ್ಕು ಅಂಕಿ ಆ ಪಟ್ಟಿಯ ನಂಬರ್. 0643ನ್ನ ಡೆಸಿಮಲ್‌ಗೆ ತನ್ನಿ: ಆರು ಇಂಟು 256, ನಾಲ್ಕು ಇಂಟು 16, ಕೊನೆಗೆ ಮೂರು. 1603. ಪಟ್ಟಿಯಲ್ಲಿ 1603 ಅಂದ್ರೆ 'ಇನ್‌ಸ್ಟಾಲ್ ಮಾಡುವಾಗ ದೊಡ್ಡ ದೋಷ'. ಅಂದ್ರೆ ಏನೂ ಹೇಳಿದ ಹಾಗಲ್ಲ, ಜ್ವರ ಬಂದಿದೆ ಅಂದ ಹಾಗೆ. ಆದರೆ ಬೇರೆ ಕೋಡ್‌ಗಳು ಇಷ್ಟು ಮೋಸ ಮಾಡಲ್ಲ. 80070070 ಬಂದ್ರೆ 70 ಹೆಕ್ಸ್, ಅಂದ್ರೆ 112, ಡಿಸ್ಕಲ್ಲಿ ಜಾಗ ಇಲ್ಲ. 80070005 ಅಂದ್ರೆ 5, ಅನುಮತಿ ಇಲ್ಲ. 80070002 ಅಂದ್ರೆ 2, ಫೈಲ್ ಸಿಗ್ತಿಲ್ಲ. 8024 ಅಂತ ಶುರುವಾದ್ರೆ ಅದು ಅಪ್‌ಡೇಟ್ ಸರ್ವಿಸಿನದೇ ದೂರು. 800ಎಫ್ ಅಂದ್ರೆ ವಿಂಡೋಸ್‌ನ ಒಳಗಿನ ಭಾಗಗಳನ್ನ ಜೋಡಿಸೋ ವ್ಯವಸ್ಥೆಯ ದೂರು. 800ಎಫ್081ಎಫ್ ಬಂದ್ರೆ ರಿಪೇರಿಗೆ ಬೇಕಾದ ಮೂಲ ಫೈಲುಗಳೇ ಇಲ್ಲ.

ನಮ್ಮ ಕೆಬಿ5034441ರ ಕಥೆ ಬೇರೆ. ಅದರ ಬಗ್ಗೆ ಮೈಕ್ರೋಸಾಫ್ಟ್ ಆಗಲೇ ಬರೆದಿಟ್ಟಿತ್ತು. ಅದು ಬಂದಿದ್ದು 2024ರ ಜನವರಿ 9ಕ್ಕೆ. ಸಿ ಡ್ರೈವ್ ಪಕ್ಕ ಒಂದು ಚಿಕ್ಕ ರಿಕವರಿ ಪಾರ್ಟಿಶನ್ ಇರುತ್ತಲ್ಲ, ಸಿಸ್ಟಂ ಬೂಟ್ ಆಗದಿದ್ದಾಗ ನೀಲಿ ರಿಪೇರಿ ಮೆನು ಬರೋದು ಅಲ್ಲಿಂದ. ಈ ಅಪ್‌ಡೇಟ್ ಅದಕ್ಕೆ. ಅದರಲ್ಲಿ 250 ಎಂಬಿ ಖಾಲಿ ಬೇಕು. ಹಳೇ ವಿಂಡೋಸ್ 10 ಸಿಸ್ಟಂಗಳಲ್ಲಿ ಆ ಪಾರ್ಟಿಶನ್ನೇ ಸುಮಾರು 500 ಎಂಬಿ, ಅದೂ ಹೆಚ್ಚು ಕಮ್ಮಿ ತುಂಬಿರುತ್ತೆ. ಜಾಗ ಸಾಲದೆ ಫೇಲ್ ಆಗುತ್ತೆ, ಆದರೆ ತೋರಿಸೋದು 'ಜಾಗ ಇಲ್ಲ' ಅನ್ನೋ ಕೋಡ್ ಅಲ್ಲ, ಈ 1603. ತಪ್ಪು ಕೋಡ್ ತೋರಿಸ್ತಿದೆ ಅಂತ ಅವರೇ ಒಪ್ಪಿಕೊಂಡಿದ್ರು.

ಈಗ ಯೋಚನೆ ಮಾಡಿ. ನಾನು ಫಾರ್ಮ್ಯಾಟ್ ಹೊಡೆದಿದ್ದು ಸಿ ಡ್ರೈವ್. ಜಾಗ ಇಲ್ಲದೇ ಇದ್ದಿದ್ದು ಪಕ್ಕದ ಪಾರ್ಟಿಶನ್‌ನಲ್ಲಿ. ಅದನ್ನ ನಾನು ಮುಟ್ಟೇ ಇಲ್ಲ. ಕಾಲಲ್ಲಿ ಮುಳ್ಳು ಚುಚ್ಚಿದೆ ಅಂತ ಬಂದವರಿಗೆ ತಲೆ ಬೋಳಿಸಿ ಕಳಿಸಿದ ಹಾಗಾಯ್ತು.

ಇನ್ನೂ ಒಂದಿದೆ. ಆ ಅಪ್‌ಡೇಟ್ ಸರಿಪಡಿಸ್ತಿದ್ದಿದ್ದು ಬಿಟ್‌ಲಾಕರ್ ಅನ್ನೋ ಡಿಸ್ಕ್ ಬೀಗವನ್ನ ದಾಟಿಹೋಗೋ ಒಂದು ಲೋಪ. ಸಿಸ್ಟಂ ಕೈಗೆ ಸಿಕ್ಕವರು ಮಾತ್ರ ಬಳಸಬಹುದಾದ ಲೋಪ. ಅಕ್ಕನ ಸಿಸ್ಟಂನಲ್ಲಿ ಬಿಟ್‌ಲಾಕರ್ ಆನ್ ಆಗೇ ಇರಲಿಲ್ಲ. ಬೇರೆ ಅಪ್‌ಡೇಟುಗಳೆಲ್ಲ ನೆಟ್ಟಗೆ ಹಾಕ್ಕೊಂಡಿದ್ವು. ಅಂದ್ರೆ ಜನವರಿ 31ರವರೆಗೆ ಆ ಕೆಂಪು ಸಾಲನ್ನ ಹಾಗೇ ಬಿಟ್ಟಿದ್ದರೆ ಏನೂ ಆಗ್ತಿರಲಿಲ್ಲ. ಆ ರೂಮಲ್ಲಿ ಸರಿಯಾದ ಟೆಕ್ನಿಕಲ್ ಸಲಹೆ ಕೊಟ್ಟಿದ್ದು ಅಕ್ಕ ಒಬ್ಬರೇ.

ಭಾಗ 4

ಹಾಗಾದ್ರೆ ನಮ್ಮ ಅಣ್ಣ ಕೆಟ್ಟವನಾ? ಅಲ್ಲ. ಅವನ ಲೆಕ್ಕ ನೋಡಿ. ಎಎಂಸಿ ಅಂದ್ರೆ ವರ್ಷಕ್ಕೆ ಇಷ್ಟು ಅಂತ ಒಂದೇ ದುಡ್ಡು. ಹುಡುಗರು ಒಂದು ದಿನದಲ್ಲಿ ಆರೇಳು ಕಡೆ ಹೋಗಬೇಕು. ಫಾರ್ಮ್ಯಾಟ್‌ಗೆ ಎಷ್ಟು ಹೊತ್ತು ಅಂತ ಗೊತ್ತು, ಲಾಗ್ ಓದಿ ಕಾರಣ ಹುಡುಕೋಕೆ ಎಷ್ಟು ಹೊತ್ತು ಅಂತ ಯಾರಿಗೂ ಗೊತ್ತಿಲ್ಲ. ಅಂಗಡಿಗೆ ಗೊತ್ತಿರೋ ಹೊತ್ತು ಬೇಕು. ನಷ್ಟ ಆಗೋ ಹೊತ್ತು ಅಕ್ಕನದು, ಅದು ಅಂಗಡಿಯ ಪುಸ್ತಕದಲ್ಲಿ ಬರಲ್ಲ. ಡೆಸ್ಕ್‌ಟಾಪ್ ಫೈಲು, ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡ್, ಡಿಜಿಟಲ್ ಸಿಗ್ನೇಚರ್ ಟೋಕನ್‌ನ ಡ್ರೈವರ್, ಪ್ರಿಂಟರ್ ಸೆಟ್ಟಿಂಗು, ನುಡಿ ಕೀಬೋರ್ಡು, ಇದೆಲ್ಲ ಮತ್ತೆ ಮೊದಲಿನಂತೆ ಆಗೋಕೆ ಒಂದು ವಾರ ಬೇಕು. ಅದಕ್ಕೇ ನನಗೆ ಫಾರ್ಮ್ಯಾಟ್ ಅನ್ನೋದು ಅಗ್ಗದ ರಿಪೇರಿ ಅಂತ ಅನ್ನಿಸೋದೇ ಇಲ್ಲ. ಖರ್ಚನ್ನ ಬೇರೆಯವರ ತಲೆ ಮೇಲೆ ದಾಟಿಸೋದು ಅಷ್ಟೇ.

'ಮೇಡಂ ಆಫ್ ಮಾಡಿದ್ರು' ಅನ್ನೋದು ಇದೆಯಲ್ಲ, ಅದರ ಬಗ್ಗೆ ಇನ್ನೂ ಸಿಟ್ಟಿದೆ ನನಗೆ. ಮಧ್ಯದಲ್ಲಿ ಕರೆಂಟ್ ಹೋದ್ರೆ ಅಪ್‌ಡೇಟ್ ಕೆಡಬಹುದು, ನಿಜ. ಆದರೆ ಯಾರು ಆಫ್ ಮಾಡ್ತಾರೆ ಅಂತ ಒಂದು ಸಂಜೆ ಕೂತು ನೋಡಿ. ನಾನು ನೋಡಿದ ಒಂದು ಆಫೀಸಲ್ಲಿ ದಿನಾ ಆರೂವರೆಗೆ ವಾಚ್‌ಮನ್ ತಾತ ಬಾಗಿಲು ಹಾಕೋ ಮೊದಲು ಮೇನ್ ಸ್ವಿಚ್ಚೇ ಇಳಿಸ್ತಿದ್ರು. ಶಾರ್ಟ್ ಸರ್ಕ್ಯೂಟ್ ಆಗಬಾರದು ಅಂತ ಓನರೇ ಹೇಳಿದ್ದು. ಅಲ್ಲಿ ಪಾಪ ಎಲ್ಲರೂ 'ಅಪ್‌ಡೇಟ್ ಅಂಡ್ ಶಟ್‌ಡೌನ್' ಒತ್ತಿ ಆರೂ ಕಾಲಿಗೆ ಬಸ್ ಹಿಡಿಯೋಕೆ ಓಡೋರು. ಬೆಳಿಗ್ಗೆ ಬಂದ್ರೆ 'ಬದಲಾವಣೆಗಳನ್ನ ಹಿಂದಕ್ಕೆ ತೆಗೀತಿದೀವಿ, ಕಂಪ್ಯೂಟರ್ ಆಫ್ ಮಾಡಬೇಡಿ' ಅಂತ ಒಂದು ಗಂಟೆ. ಯುಪಿಎಸ್ ಇದೆ ಅಂತಾರೆ, ಬ್ಯಾಟರಿ ಹೋಗಿ ಎರಡು ವರ್ಷ ಆಗಿರುತ್ತೆ.

ಇನ್ನೊಂದು ಶಾಲೆಯಲ್ಲಿ ಲ್ಯಾಬಿನ ಒಂದು ಸಿಸ್ಟಂ ಯಾವ ಅಪ್‌ಡೇಟನ್ನೂ ತಗೊಳ್ತಿರಲಿಲ್ಲ. ಮೂಲೆಯಲ್ಲಿ ತಾರೀಖು ನೋಡಿದ್ರೆ ನಾಲ್ಕು ವರ್ಷ ಹಿಂದಿನದು. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಗಡಿಯಾರ ತಪ್ಪಾದ್ರೆ ಸರ್ವರ್‌ನ ಸರ್ಟಿಫಿಕೇಟ್ 'ಇನ್ನೂ ಶುರುವೇ ಆಗಿಲ್ಲ' ಅಂತ ಕಾಣುತ್ತೆ, ಸಂಪರ್ಕನೇ ಆಗಲ್ಲ. ಮೂವತ್ತು ನಲವತ್ತು ರೂಪಾಯಿ ಬ್ಯಾಟರಿ. ಅದಕ್ಕೆ ಮೊದಲು ಹೋಗಿದ್ದವರು ಎರಡು ಸಲ ಫಾರ್ಮ್ಯಾಟ್ ಮಾಡಿದ್ರಂತೆ.

ಆಮೇಲೆ ನಮ್ಮ ಪ್ರೀತಿಯ 'ಲೈಟ್' ವಿಂಡೋಸ್. ಪೆನ್‌ಡ್ರೈವಲ್ಲಿ ಕೈಯಿಂದ ಕೈಗೆ ಓಡಾಡುತ್ತಲ್ಲ, ಹಗುರ ಮಾಡ್ತೀವಿ ಅಂತ ಒಳಗಿನ ಭಾಗಗಳನ್ನೇ ಕಿತ್ತಿರೋದು. ಅದರ ಮೇಲೆ ಅಪ್‌ಡೇಟ್ ಫೇಲ್ ಆಗದೆ ಇನ್ನೇನಾಗುತ್ತೆ. ಅದನ್ನ ಹಾಕಿಕೊಟ್ಟಿದ್ದು ಮೇಡಂ ಅಲ್ಲ, ನಾವು.

ಭಾಗ 5

ಈಗ 'ಸರ್ವಿಸ್ ಡಿಸೇಬಲ್ ಮಾಡು' ಪಾರ್ಟಿಗೆ ಬರ್ತೀನಿ.

2017ರ ಮಾರ್ಚ್ 14ಕ್ಕೆ ಮೈಕ್ರೋಸಾಫ್ಟ್ ಒಂದು ಅಪ್‌ಡೇಟ್ ಬಿಟ್ಟಿತು. ಅದೇ ಲೋಪವನ್ನ ಹಿಡಿದು ಮೇ 12ಕ್ಕೆ ವಾನ್ನಕ್ರೈ ಬಂತು. ಮಧ್ಯೆ ಹೆಚ್ಚು ಕಮ್ಮಿ ಎರಡು ತಿಂಗಳು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಂದಾಜು 19,000ಕ್ಕೂ ಹೆಚ್ಚು ಅಪಾಯಿಂಟ್‌ಮೆಂಟ್‌ಗಳು ರದ್ದಾದವು ಅಂತ ಅಲ್ಲಿನ ಲೆಕ್ಕ ಪರಿಶೋಧಕರು ಆಮೇಲೆ ಬರೆದರು. ಅಪ್‌ಡೇಟ್ ಇತ್ತು, ಹಾಕಿರಲಿಲ್ಲ, ಅಷ್ಟೇ. ಡಿಸೇಬಲ್ ಮಾಡಿ ಬಂದ ಸಿಸ್ಟಂನಲ್ಲಿ ತಲೆನೋವು ಇರಲ್ಲ ಅಲ್ಲ, ನಮ್ಮ ಎಎಂಸಿ ಮುಗಿಯೋವರೆಗೆ ಗೊತ್ತಾಗಲ್ಲ.

ಕಾಮೆಂಟಲ್ಲಿ ಯಾರಾದರೂ ಕ್ರೌಡ್‌ಸ್ಟ್ರೈಕ್ ಅಂತ ಹಾಕೇ ಹಾಕ್ತೀರಿ, ನಾನೇ ಹೇಳಿಬಿಡ್ತೀನಿ. 2024ರ ಜುಲೈ 19, ಶುಕ್ರವಾರ, ನಮ್ಮ ಸಮಯ ಬೆಳಿಗ್ಗೆ 9:39. ಆ ಸೆಕ್ಯುರಿಟಿ ಕಂಪನಿ ಒಂದು ಸಣ್ಣ ಫೈಲ್ ಕಳಿಸಿತು. 78 ನಿಮಿಷದಲ್ಲಿ ವಾಪಸ್ ತಗೊಂಡ್ರು, ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಸಿಸ್ಟಂಗಳಿಗೆ ಪೆಟ್ಟು ಬಿದ್ದಿತ್ತು. ನಮ್ಮ ಏರ್‌ಪೋರ್ಟುಗಳಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟ ಫೋಟೋಗಳು ನೆನಪಿರಬೇಕು. ಅದು ವಿಂಡೋಸ್ ಅಪ್‌ಡೇಟ್ ಅಲ್ಲ, ಆದರೂ ಪ್ರಶ್ನೆ ನ್ಯಾಯವಾದದ್ದೇ: ಅಪ್‌ಡೇಟೇ ಕೆಟ್ಟದ್ದಾದ್ರೆ?

ಆ ದಿನ ಸರಿಪಡಿಸಿದ್ದು ಹೇಗೆ ಅಂತ ನೋಡಿ. ಸೇಫ್ ಮೋಡ್‌ಗೆ ಹೋಗಿ, 291 ಅಂತ ನಂಬರ್ ಇರೋ ಆ ಒಂದು ಫೈಲನ್ನ ಅಳಿಸಿ, ರೀಸ್ಟಾರ್ಟ್. ಅಷ್ಟೇ. ಅದಕ್ಕೆ ಫಾರ್ಮ್ಯಾಟ್ ಬೇಕಿರಲಿಲ್ಲ. ಕಷ್ಟ ಆಗಿದ್ದು ಬಿಟ್‌ಲಾಕರ್ ಇದ್ದ ಕಡೆ, ಅಲ್ಲಿ 48 ಅಂಕಿಯ ರಿಕವರಿ ಕೀ ಬೇಕು. ಅದನ್ನ ಎಲ್ಲಿ ಬರೆದಿಟ್ಟಿದ್ದೀವಿ ಅಂತ ಗೊತ್ತಿದ್ದ ಆಫೀಸು ಬೇಗ ಎದ್ದಿತು. ನೀವು ನೋಡ್ಕೊಳ್ಳೋ ಸಿಸ್ಟಂಗಳ ಕೀ ಎಲ್ಲಿದೆ? ಇವತ್ತೇ ಕೇಳಿ ನೋಡಿ, ತಮಾಷೆ ಇರುತ್ತೆ.

ಕೆಟ್ಟ ಅಪ್‌ಡೇಟ್ ಬರಬಹುದು ಅನ್ನೋದಕ್ಕೆ ಉತ್ತರ ಅಪ್‌ಡೇಟೇ ಬೇಡ ಅನ್ನೋದಲ್ಲ. ಎಲ್ಲ ಸಿಸ್ಟಂಗೂ ಒಂದೇ ದಿನ ಬೇಡ ಅನ್ನೋದು. ವಿಂಡೋಸ್‌ನ ತಿಂಗಳ ಅಪ್‌ಡೇಟ್ ಪ್ರತಿ ತಿಂಗಳ ಎರಡನೇ ಮಂಗಳವಾರ, ನಮ್ಮಲ್ಲಿ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆಗೆ ಬರುತ್ತೆ. ನಾಲ್ಕು ಸಿಸ್ಟಂ ಇರೋ ಆಫೀಸಲ್ಲಿ ಒಂದಕ್ಕೆ ಮೊದಲು ಬರಲಿ, ಉಳಿದ ಮೂರಕ್ಕೆ ಒಂದು ವಾರ ಪಾಸ್ ಕೊಡಿ. ಸೆಟ್ಟಿಂಗ್ಸಲ್ಲೇ ಇದೆ, ದುಡ್ಡಿಲ್ಲ. ಮೊದಲನೇದು ಸಾಯಲಿಲ್ಲ ಅಂದ್ರೆ ಉಳಿದವಕ್ಕೂ ಬಿಡಿ. ಮೊದಲನೇದು ಆಡಿಟರ್ ಸರ್ ಸಿಸ್ಟಂ ಆಗದಿದ್ರೆ ಒಳ್ಳೇದು, ಅದು ಬೇರೆ ಮಾತು.

ಭಾಗ 6

ನಾನು ಈಗ ಏನ್ ಮಾಡ್ತೀನಿ ಅಂತ ಕೇಳ್ತೀರಲ್ಲ. ದೊಡ್ಡದೇನಿಲ್ಲ. ಕೂತ ತಕ್ಷಣ ಕೋಡ್ ಮತ್ತು ಕೆಬಿ ನಂಬರ್ ಫೋಟೋ. ಸಿಸ್ಟಂ ಬಳಸೋರನ್ನ ಕೇಳ್ತೀನಿ, ಯಾವಾಗಿಂದ, ಸಂಜೆ ಹೇಗೆ ಆಫ್ ಮಾಡ್ತೀರಿ, ಈ ವಾರ ಯಾವುದು ಅರ್ಜೆಂಟ್. ಗಡಿಯಾರ, ಸಿ ಡ್ರೈವಿನ ಖಾಲಿ ಜಾಗ. ಈ ಮೂರಕ್ಕೆ ಐದು ನಿಮಿಷ, ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತೆ. ಡೌನ್‌ಲೋಡ್ ಆಗಿರೋದೇ ಕೆಟ್ಟಿದೆ ಅನ್ನಿಸಿದ್ರೆ ಅಪ್‌ಡೇಟ್ ಸರ್ವಿಸ್ ನಿಲ್ಲಿಸಿ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಹೆಸರು ಬದಲಾಯಿಸಿದ್ರೆ ಹೊಸದಾಗಿ ಇಳಿಸ್ಕೊಳ್ಳುತ್ತೆ. ಒಳಗಿನ ಫೈಲ್ ಕೆಟ್ಟಿದ್ರೆ ಮೊದಲು ಡಿಸ್ಮ್ ರಿಸ್ಟೋರ್‌ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ಯೂಟ್ಯೂಬಲ್ಲಿ ಯಾವ ಎರರ್‌ಗೂ ಇದೇ ಹನ್ನೆರಡು ಕಮಾಂಡ್ ಅಂತ ಹೇಳೋ ಅಣ್ಣಂದಿರಿದ್ದಾರಲ್ಲ, ಅವರು ಹೇಳೋದು ತಪ್ಪಲ್ಲ, ಆದರೆ ಜಾಗ ಇಲ್ಲದ ಸಿಸ್ಟಂಗೆ ಹನ್ನೆರಡಲ್ಲ ನೂರು ಕಮಾಂಡ್ ಹಾಕಿದ್ರೂ ಜಾಗ ಹುಟ್ಟಲ್ಲ. ಯಾವುದೂ ಆಗದೆ ಫಾರ್ಮ್ಯಾಟೇ ಗತಿ ಅನ್ನೋ ಸಿಸ್ಟಂಗಳೂ ಇರ್ತವೆ. ಆಗ ಯೂಸರ್ ಫೋಲ್ಡರ್ ಪೂರ್ತಿ ಹೊರಗಿನ ಡಿಸ್ಕ್‌ಗೆ ಕಾಪಿ, ಬಳಸೋರ ಕೈಯಲ್ಲೇ ತೆಗೆಸಿ ನೋಡಿಸಿ, ಆಮೇಲೆ.

ಅಕ್ಕನ ಸಿಸ್ಟಂನ ಮಾರ್ಚ್‌ನಲ್ಲಿ ಸರಿ ಮಾಡಿದೆ. ಬ್ಯಾಕಪ್ ತಗೊಂಡು, ರಿಕವರಿಯನ್ನ ಆಫ್ ಮಾಡಿ, ಸಿ ಡ್ರೈವಿಂದ 250 ಎಂಬಿ ಕುಗ್ಗಿಸಿ, ಆ ಚಿಕ್ಕ ಪಾರ್ಟಿಶನ್ ಅಳಿಸಿ ದೊಡ್ಡದಾಗಿ ಮತ್ತೆ ಮಾಡಿ, ಆನ್ ಮಾಡಿದೆ. ಮೈಕ್ರೋಸಾಫ್ಟ್ ಬರೆದ ಹಂತಗಳೇ. ಕೈ ನಡುಗ್ತಿತ್ತು, ಡಿಸ್ಕ್‌ಪಾರ್ಟ್‌ನಲ್ಲಿ ಒಂದು ನಂಬರ್ ತಪ್ಪಿದ್ರೆ ಮತ್ತೆ ಎಲ್ಲ ಹೋಗೋದು. ಮುಕ್ಕಾಲು ಗಂಟೆ ಹಿಡೀತು, ಫಾರ್ಮ್ಯಾಟಿನ ಅರ್ಧ. ಕೆಂಪು ಸಾಲು ಹೋಯ್ತು.

ಆಮೇಲೆ ಆಡಿಟರ್ ಸರ್ ರೂಮಿಗೆ ಹೋಗಿ ಹೇಳಿದೆ, "ಜನವರಿಯಲ್ಲಿ ಆಗಿದ್ದು ಮೇಡಂ ತಪ್ಪಲ್ಲ ಸರ್, ನನ್ನ ತಪ್ಪು. ಫಾರ್ಮ್ಯಾಟ್ ಬೇಕೇ ಇರಲಿಲ್ಲ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಯಾಕೆ ಹೇಳಲಿಲ್ಲ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕ್ಕನ್ನ ಒಳಗೆ ಕರೆದು, ಅವರ ಮುಂದೆ ಇನ್ನೊಂದು ಸಲ ಹೇಳು ಅಂದರು. ಹೇಳಿದೆ. ಅಕ್ಕ ನನ್ನ ಮುಖ ನೋಡಲಿಲ್ಲ. "ಆಯ್ತು ಬಿಡು ತಮ್ಮಾ" ಅಂತಷ್ಟೇ ಅಂದು ಹೊರಗೆ ಹೋದರು. ಆ ವರ್ಷ ಅವರು ನಮ್ಮ ಅಂಗಡಿಯ ಎಎಂಸಿ ಮುಂದುವರಿಸಲಿಲ್ಲ. ಅಣ್ಣ ನನ್ನ ಜೊತೆ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಈಗಲೂ ಅಕ್ಕ ಆಗಾಗ ವಾಟ್ಸಾಪಲ್ಲಿ ಸ್ಕ್ರೀನಿನ ಫೋಟೋ ಕಳಿಸ್ತಾರೆ. ಮೇಲೆ ಒಂದೇ ಸಾಲು: "ಇದನ್ನ ಬಿಡಬಹುದಾ, ನೋಡಬೇಕಾ?" ನನಗೆ ಬರೋ ಟಿಕೆಟ್‌ಗಳಲ್ಲಿ ಇಷ್ಟು ಸರಿಯಾದ ಪ್ರಶ್ನೆ ಇನ್ಯಾರೂ ಕೇಳಲ್ಲ.

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಇಲ್ಲದ ಹಳೇ ಸಿಸ್ಟಂಗಳನ್ನ ಏನ್ ಮಾಡೋದು ಅನ್ನೋದು ಇನ್ನೊಂದು ದೊಡ್ಡ ಜಗಳ, ಮುಂದಿನ ಸರಣಿಗೆ ಇಟ್ಕೊಂಡಿದೀನಿ. ಅಲ್ಲಿಯವರೆಗೆ, ನಿಮ್ಮ ಆಫೀಸಿನ ಫೇಲ್ ಆದ ಅಪ್‌ಡೇಟ್‌ನ ಫೋಟೋ ಮೆಸೇಜಲ್ಲಿ ಹಾಕಿ. ಕೋಡ್ ಪೂರ್ತಿ ಕಾಣಬೇಕು, ಕೆಬಿ ನಂಬರ್ ಸಮೇತ. ಸ್ಕ್ರೀನಲ್ಲಿ ಕ್ಲೈಂಟ್ ಹೆಸರು ಇದ್ರೆ ಮುಚ್ಚಿ ಕಳಿಸಿ. ಎರಡನೇ ಮಂಗಳವಾರದ ಮಾರನೇ ದಿನ ಮಾತ್ರ ಉತ್ತರ ತಡ ಆಗುತ್ತೆ, ಆವತ್ತು ಬೆಳಿಗ್ಗೆಯಿಂದ ಫೋನ್ ಕೆಳಗಿಡೋಕೆ ಆಗಲ್ಲ.

#ಕನ್ನಡದಲ್ಲಿ_ಟೆಕ್ #ಡಿಪ್ಲೊಮಾ_ಬ್ಯಾಚ್ #ಎಎಂಸಿ_ಡೈರಿ